ಓದಿಸಿದವರು, ಓದಲು ಕೊಟ್ಟವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳೆಯ ಮನೆಗಳಲ್ಲಿ ಪುಸ್ತಕ ಹುಡುಕಿಕೊಂಡು ತಿರುಗುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ಪಿಎಚ್.ಡಿ.ಗೆ ನಾನು ಆರಿಸಿಕೊಂಡಿರುವುದು ಈ ಗಡಿಭಾಗದ ಮನೆಯೊಳಗಿನ ಓದಿನ ಇತಿಹಾಸವನ್ನು. ಟ್ರಂಕಿನಿಂದಲೋ ಗೋಡೆಯ ಮಾಡದಿಂದಲೋ ಪುಸ್ತಕ ಹೊರಬಂದ ಕೂಡಲೇ ನಾನು ತೆರೆಯುವುದು ಹೆಸರಿನ ಪುಟಕ್ಕೂ ಮುಂಚೆ ಬರುವ ಖಾಲಿ ಹಾಳೆಯನ್ನು. ಯಾರು, ಯಾರಿಗೆ, ಯಾವ ನೆಪಕ್ಕೆ ಕೊಟ್ಟರು ಎಂಬುದು ಅಲ್ಲಿರುತ್ತದೆ. ಮದುವೆಯ ಆಯೇರಿಯಾಗಿ ಬಂದ ಪುಸ್ತಕ, ಮುಲ್ಕಿ ಪರೀಕ್ಷೆ ಪಾಸಾದದ್ದಕ್ಕೆ ಕಾಕಾ ಕೊಟ್ಟ ಪುಸ್ತಕ. ಒಂದೇ ಟ್ರಂಕಿನಲ್ಲಿ ಕನ್ನಡದ ‘ಸಪ್ರೇಮ ಕಾಣಿಕೆ’ಯೂ ಮರಾಠಿಯ ‘ಸಪ್ರೇಮ ಭೇಟ’ಯೂ ಒಂದರ ಮೇಲೊಂದು ಮಲಗಿರುತ್ತವೆ.

ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಟ್ಟ ಪುಸ್ತಕಗಳಲ್ಲಿ ಮಾತ್ರ ಈ ಹಾಳೆ ಬಹುತೇಕ ಬಿಳಿಯಾಗಿಯೇ ಇರುತ್ತದೆ. ಮನೆಯೊಳಗೇ ಕೈ ಬದಲಿಸುವ ಪುಸ್ತಕಕ್ಕೆ ಯಾರು ಸಹಿ ಹಾಕುತ್ತಾರೆ? ವಾಚನಾಲಯದ ರಿಜಿಸ್ಟರು ಪುಸ್ತಕ ಒಯ್ದವರ ಹೆಸರು ಹೇಳುತ್ತದೆ, ಪ್ರಕಾಶಕರ ಲೆಕ್ಕ ಎಷ್ಟು ಪ್ರತಿ ಹೋಯಿತೆಂದು ಹೇಳುತ್ತದೆ. ‘ಇದನ್ನ ಓದಿ ನೋಡು, ನಿನಗ ಸೇರತೈತಿ’ ಎಂಬ ಮಾತು ಯಾವ ದಫ್ತರಕ್ಕೂ ಏರುವುದಿಲ್ಲ. ಆ ಸಣ್ಣ ವಾಕ್ಯದಲ್ಲಿ ಎರಡು ತಿಳಿವಳಿಕೆ ಇವೆ: ಪುಸ್ತಕ ಎಂಥದೆಂಬುದು, ಎದುರಿಗಿರುವ ಮನುಷ್ಯ ಎಂಥವನೆಂಬುದು. ಹೇಳಿದವರಿಗೆ ಎರಡರಲ್ಲಿ ಒಂದು ಗೊತ್ತಿಲ್ಲದಿದ್ದರೂ ವಾಕ್ಯ ಸುಳ್ಳಾಗುತ್ತದೆ. ಈ ವಾಕ್ಯಕ್ಕೊಂದು ಇತಿಹಾಸ ಬರೆಯಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ.

ಪ್ರಶ್ನೆಗೆ ಮನೆಯ ಕಾರಣವೂ ಉಂಟು. ನಾನು ಅಥಣಿ ಕಡೆಯ ಕನ್ನಡ ಶಾಲೆಯವಳು, ನನ್ನ ಗಂಡ ನಿಪ್ಪಾಣಿಯ ಮರಾಠಿ ಶಾಲೆಯವನು. ಅವನು ಡಿಗ್ರಿ ಓದಿದ್ದು ದೇವಚಂದ ಕಾಲೇಜಿನಲ್ಲಿ. ನಿಪ್ಪಾಣಿಯ ಜನ ಅದನ್ನು ತಮ್ಮ ಊರಿನದೆಂದೇ ಹೇಳುತ್ತಾರೆ, ಆದರೆ ಅದು ನಿಂತಿರುವ ಅರ್ಜುನನಗರ ಕೊಲ್ಲಾಪುರ ಜಿಲ್ಲೆಯ ಕಾಗಲ ತಾಲೂಕಿಗೆ ಸೇರಿದ್ದು. ಮನೆ ಕರ್ನಾಟಕದಲ್ಲಿ, ಕ್ಲಾಸು ಮಹಾರಾಷ್ಟ್ರದಲ್ಲಿ. ಈಗ ಅವನು ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಮಾತಾಡುವ ಕನ್ನಡ ನನ್ನದರಷ್ಟೇ ಸರಳ, ಓದುವ ಕನ್ನಡ ಬಸ್ಸಿನ ಬೋರ್ಡಿನಷ್ಟು. ಹಿಂದಿಯ ಪುಣ್ಯದಿಂದ ನನಗೆ ದೇವನಾಗರಿ ಬರುತ್ತದೆ, ಆ ದಾರಿಯಿಂದ ಮರಾಠಿಯೂ ಒಲಿದಿದೆ. ಹೀಗಾಗಿ ನಮ್ಮಿಬ್ಬರ ನಡುವಿನ ಪುಸ್ತಕದ ತಕ್ಕಡಿ ಮೊದಲಿನಿಂದಲೂ ವಾಲಿಕೊಂಡೇ ಇದೆ. ಅವನ ಕಪಾಟು ಪೂರ್ತಿ ನನಗೆ ತೆರೆದಿತ್ತು, ನನ್ನ ಕಪಾಟಿನ ಮುಂದೆ ಅವನು ಪರಊರಿನವನಂತೆ ನಿಲ್ಲುತ್ತಿದ್ದ.

ಇಂಥ ಮನೆಗಳು ಈ ಐದು ತಾಲೂಕುಗಳಲ್ಲಿ ಎಷ್ಟಾದರೂ ಇವೆ. ಚಿಕ್ಕೋಡಿ, ಅಥಣಿ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ನಿಪ್ಪಾಣಿ ತನ್ನದೇ ದೇಸಗತಿಯಾಗಿದ್ದು 1839ರಲ್ಲಿ ಬ್ರಿಟಿಷರ ಕೈಸೇರಿತು. ಕಾಗವಾಡ, ಶೇಡಬಾಳ ಪಟವರ್ಧನರ ಜಹಗೀರುಗಳು. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದ್ದು. ಹೊಲದಲ್ಲಿ ಕನ್ನಡ, ಕಚೇರಿಯಲ್ಲಿ ಮೋಡಿ ಲಿಪಿಯ ಮರಾಠಿ. 1880ರ ದಶಕದಲ್ಲಿ ರೈಲು ಬಂದಾಗ ಮಿರಜದಿಂದ ಹೊರಟ ಗಾಡಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ನಿಲ್ಲುತ್ತ ಬೆಳಗಾವಿಗೆ ಹೋಗುತ್ತಿತ್ತು. ಅದರ ಡಬ್ಬಿಯಲ್ಲಿ ಸೊಸೆಯಂದಿರೂ ಬಂದರು, ಅವರ ಜತೆ ಪುಸ್ತಕಗಳೂ ಬಂದವು. ಕಿರ್ಲೋಸ್ಕರವಾಡಿಯಿಂದ 1930ರಲ್ಲಿ ‘ಸ್ತ್ರೀ’ ಎಂಬ ಮರಾಠಿ ಮಾಸಿಕ ಹೊರಟಿತು. ಹೆಸರಿನಿಂದಲೇ ಮನೆಯ ಹೆಣ್ಣುಮಗಳನ್ನು ಕರೆಯುವ ಪತ್ರಿಕೆ ಅಂಚೆಯವನ ಚೀಲದಲ್ಲಿ ಬರುವುದೆಂದರೆ ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. 1956ರ ನಂತರ ಗಡಿಯ ಜಗಳ ಶುರುವಾಯಿತು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು, ಬೆಳಗಾವಿ ಇಲ್ಲಿಯೇ ಇರಲಿ ಎಂದಿತು. ಎರಡೂ ಕಡೆಯವರು ವರದಿ ಓದಿದ್ದು ತಮಗೆ ಬೇಕಾದ ಪುಟಗಳನ್ನು. ಆ ಜಗಳದ ವರ್ಷಗಳಲ್ಲಿ ಕೈಯಲ್ಲಿರುವ ಪುಸ್ತಕದ ಲಿಪಿ ನೋಡಿ ಮನುಷ್ಯನ ಪಕ್ಷ ಗೊತ್ತುಮಾಡುವವರು ಇದ್ದರು. ಈಗಲೂ ಇದ್ದಾರೆ.

ಹೆಂಡತಿಗೆ ಪುಸ್ತಕ ಕೊಟ್ಟ ಗಂಡಂದಿರ ಕತೆ ನಮ್ಮ ಸೀಮೆಯಲ್ಲಿ ಹೇಳುವಾಗ ಎಲ್ಲರೂ ಮೊದಲು ಎತ್ತುವ ಹೆಸರು ಮಹಾದೇವ ಗೋವಿಂದ ರಾನಡೆಯವರದು. ಈಗಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯ ಹುಡುಗಿ ರಮಾಬಾಯಿ 1873ರಲ್ಲಿ ಅವರನ್ನು ಮದುವೆಯಾದಾಗ ಹನ್ನೊಂದರ ಆಸುಪಾಸಿನಲ್ಲಿದ್ದಳು, ಅವರಿಗೆ ಮೂವತ್ತೊಂದು. ಅಕ್ಷರ ಕಲಿಸಿದವರು ಅವರೇ, ಇಂಗ್ಲಿಷಿಗೆ ಹಚ್ಚಿದವರೂ ಅವರೇ. ಮನೆಯ ಹೆಂಗಸರ ಕೊಂಕು ಮಾತುಗಳ ನಡುವೆ ಪಾಠ ಒಪ್ಪಿಸಿದ ದಿನಗಳನ್ನು ರಮಾಬಾಯಿ 1910ರಲ್ಲಿ ಬಂದ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ಪುಣೆಯ ಸೇವಾ ಸದನವನ್ನು ಬೆಳೆಸಿದ ಆ ದೊಡ್ಡ ಹೆಣ್ಣುಮಗಳ ಬದುಕನ್ನು ಗಂಡನ ಪಾಠದಿಂದ ಬೇರೆ ಮಾಡಿ ನೋಡಲಾಗದು. ಆದರೂ ಆ ಪುಸ್ತಕ ಓದುವಾಗ ನಾನು ಹುಡುಕಿದ್ದು ಒಂದೇ: ಆ ಹುಡುಗಿಗೆ ಯಾವುದು ಸೇರುತ್ತಿತ್ತು? ಆ ಮೊದಲ ವರ್ಷಗಳಲ್ಲಿ ಅದನ್ನು ಕೇಳುವವರು ಮನೆಯಲ್ಲಿ ಯಾರೂ ಇದ್ದಂತೆ ಕಾಣುವುದಿಲ್ಲ. ಗೋಪಾಳರಾವ ಜೋಶಿಯವರ ವಿಷಯದಲ್ಲಂತೂ ಹೇಳುವುದೇ ಬೇಡ. ಅಂಚೆ ಇಲಾಖೆಯ ನೌಕರಿಯಲ್ಲಿ ಕೊಲ್ಲಾಪುರಕ್ಕೂ ಬಂದು ಹೋದ ಅವರು ಹೆಂಡತಿ ಆನಂದಿಬಾಯಿಯನ್ನು ಓದಿಗೆ ಕೂಡಿಸಿದ್ದು ಹೊಡೆತದಿಂದ. 1886ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದು ಮರುವರ್ಷವೇ ತೀರಿಹೋದ ಆ ಮಗಳನ್ನು ನೆನೆಯುವಾಗ ಗಂಡನ ಹಟವನ್ನು ಹೊಗಳುವ ಲೇಖನಗಳು ಇಂದಿಗೂ ಬರುತ್ತವೆ. ನನಗೆ ಆ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ.

ಕನ್ನಡ ಇಲ್ಲಿ ನಮಗೊಂದು ಸಹಾಯ ಮಾಡುತ್ತದೆ. ‘ಓದು’ ಎಂಬುದಕ್ಕೆ ‘ಇಸು’ ಹಚ್ಚಿದರೆ ‘ಓದಿಸು’. ರಾನಡೆ, ಜೋಶಿ ಇಬ್ಬರೂ ಓದಿಸಿದವರು. ಓದಿಸುವವನಿಗೆ ಎದುರಿನವರ ರುಚಿ ಗೊತ್ತಿರಬೇಕಾಗಿಲ್ಲ, ಅವರು ಏನಾಗಬೇಕು ಎಂಬುದು ಗೊತ್ತಿದ್ದರೆ ಸಾಕು. ಹತ್ತೊಂಬತ್ತನೆಯ ಶತಮಾನದ ಸುಧಾರಕ ದಾಂಪತ್ಯಗಳೆಲ್ಲ ಸುಮಾರಾಗಿ ಈ ‘ಇಸು’ವಿನ ದಾಂಪತ್ಯಗಳೇ. ಓದಲು ಕೊಡುವುದು ಬೇರೆ ಕೆಲಸ. ಕೊಟ್ಟದ್ದನ್ನು ಓದದೆ ಇಡುವ ಹಕ್ಕು ತೆಗೆದುಕೊಂಡವರಿಗೆ ಇದ್ದಾಗ ಮಾತ್ರ ಅದು ಸಾಧ್ಯ. ಆ ಬದಲಾವಣೆ ಈ ಸೀಮೆಯಲ್ಲಿ ಎಲ್ಲಿ, ಹೇಗೆ ಆಯಿತೆಂದು ಹುಡುಕುತ್ತ ಹೋದರೆ ನಿಪ್ಪಾಣಿಯ ಹತ್ತಿರದ ಒಂದು ಘಟ್ಟದ ಬಳಿ ಬಂದು ನಿಲ್ಲುತ್ತೇವೆ.

ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವವರಿಗೆ ತವಂದಿ ಘಟ್ಟ ಗೊತ್ತಿರುತ್ತದೆ. ಜೈನರಿಗೆ ಅದು ಸ್ತವನಿಧಿ. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದ್ದು ಅಲ್ಲಿ. ಮರಾಠಿ ಕಾವ್ಯದ ಓದುಗರಿಗೆ ಅದು ಇಂದಿರಾ ಸಂತರ ಊರು. 1914ರಲ್ಲಿ ಇಂಡಿಯಲ್ಲಿ ಹುಟ್ಟಿ ತವಂದಿಯಲ್ಲಿ ಬಾಲ್ಯ ಕಳೆದ ಇಂದಿರಾ ದೀಕ್ಷಿತ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಅಲ್ಲಿ ಪರಿಚಯವಾದ ನಾರಾಯಣ ಸಂತರನ್ನು ಮದುವೆಯಾದರು. ಇಬ್ಬರೂ ಕವಿತೆ ಬರೆಯುತ್ತಿದ್ದರು, ಅವರು ಲಘುಪ್ರಬಂಧವನ್ನೂ ಬರೆಯುತ್ತಿದ್ದರು. 1940ರ ಸುಮಾರಿಗೆ ಇಬ್ಬರ ಕವಿತೆಗಳೂ ಸೇರಿ ಒಂದೇ ಸಂಕಲನವಾಗಿ ಬಂದವು. ಅದರ ಹೆಸರು ‘ಸಹವಾಸ’.

ಈ ಹೆಸರನ್ನು ನೋಡಿದಾಗಲೆಲ್ಲ ನನಗೆ ರಾನಡೆಯವರ ಮನೆಯಿಂದ ಇಲ್ಲಿಗೆ ಎಷ್ಟು ದೂರ ಬಂದೆವು ಎನಿಸುತ್ತದೆ. 1873ಕ್ಕೂ 1940ಕ್ಕೂ ನಡುವೆ ಎಪ್ಪತ್ತು ವರ್ಷಗಳೂ ಇಲ್ಲ. ಒಂದೇ ರಟ್ಟಿನೊಳಗೆ ಗಂಡ ಹೆಂಡಿರ ಪದ್ಯಗಳು ಅಕ್ಕಪಕ್ಕ ಕೂತರೆ ಅಲ್ಲಿ ಗುರುವೂ ಇಲ್ಲ, ಶಿಷ್ಯೆಯೂ ಇಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೊದಲ ಓದುಗರಾಗಿ ಓದಿರಲೇಬೇಕು. ಇತಿಹಾಸಕಾರಳಾಗಿ ನಾನು ಇಲ್ಲಿ ನಿಲ್ಲಬೇಕು, ಏಕೆಂದರೆ ಆ ಮೇಜಿನ ಮೇಲೆ ನಡೆದ ಮಾತು ಸಂಕಲನದೊಳಗೆ ಇಲ್ಲ. ನಾರಾಯಣ ಸಂತರು 1946ರಲ್ಲಿ ತೀರಿಕೊಂಡರು. ಸಣ್ಣ ಮಕ್ಕಳನ್ನು ಕಟ್ಟಿಕೊಂಡ ಇಂದಿರಾಬಾಯಿಗೆ ಆಗ ಮೂವತ್ತೆರಡು ವರ್ಷ. ಬೆಳಗಾವಿಯಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ಕಲಿಸುತ್ತ, ಅದರ ಪ್ರಾಂಶುಪಾಲರೂ ಆಗಿ ಬದುಕು ಸಾಗಿಸಿದರು. ‘ಶೇಲಾ’, ‘ಮೇಂದಿ’, ‘ಮೃಗಜಳ’, ‘ರಂಗಬಾವರಿ’ ಎಂದು ಒಂದಾದ ಮೇಲೊಂದು ಬಂದ ಅವರ ಸಂಕಲನಗಳಲ್ಲಿ ಮರಾಠಿ ವಿಮರ್ಶಕರು ವಿರಹವನ್ನು ಗುರುತಿಸುತ್ತ ಬಂದಿದ್ದಾರೆ. ನನಗೆ ಅಲ್ಲಿ ಇನ್ನೊಂದು ನಷ್ಟವೂ ಕಾಣುತ್ತದೆ. ಬರೆದ ಹಾಳೆಯನ್ನು ಮೊದಲು ಕೊಡಬೇಕಾದ ಕೈ ಇಲ್ಲದಿರುವುದು. 1984ರಲ್ಲಿ ‘ಗರ್ಭರೇಶೀಮ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2000ದಲ್ಲಿ ತೀರಿಕೊಂಡರು. ಬೆಳಗಾವಿಯ ಕನ್ನಡ ಓದುಗರಲ್ಲಿ ಎಷ್ಟು ಜನ ಅವರನ್ನು ಓದಿದ್ದರು ಎಂದು ನಾನು ಹಿರಿಯರನ್ನು ಕೇಳಿದರೆ ಬರುವ ಉತ್ತರ ಸಂಕೋಚದ ನಗೆ.

ತವಂದಿಯಿಂದ ಪೂರ್ವಕ್ಕೆ, ದೂಧಗಂಗೆಯ ಬಯಲಿನಲ್ಲಿ ಸದಲಗಾ, ಯಕ್ಸಂಬಾ ಎಂಬ ಎರಡು ನೆರೆಹೊರೆಯ ಊರುಗಳಿವೆ, ಎರಡೂ ಚಿಕ್ಕೋಡಿ ಸೀಮೆಯವು. ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಕೊಲ್ಲಾಪುರದಲ್ಲಿ ಅರ್ಧಮಾಗಧಿ ಕಲಿಸಿದರು, 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅದೇ ಊರಿನ ಮಗ ಆಚಾರ್ಯ ವಿದ್ಯಾಸಾಗರರು ಹಿಂದಿಯಲ್ಲಿ ‘ಮೂಕಮಾಟಿ’ ಮಹಾಕಾವ್ಯ ಬರೆದರು. ಯಕ್ಸಂಬಾದಲ್ಲಿ 1923ರಲ್ಲಿ ಹುಟ್ಟಿದ ಜಿ. ಎ. ಕುಲಕರ್ಣಿ ಮರಾಠಿ ಸಣ್ಣಕತೆಯ ದೊಡ್ಡ ಹೆಸರಾದರು. ಒಂದು ನದಿಯ ನೀರು ಕುಡಿದವರು ಒಬ್ಬೊಬ್ಬರು ಒಂದೊಂದು ಭಾಷೆಗೆ ಹೋದರು.

ಜಿ. ಎ. ಬೆಳಗಾವಿಯಲ್ಲಿ ಬೆಳೆದು, ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿ, ಕನ್ನಡದ ನಡುವೆ ಕೂತು ಮರಾಠಿ ಬರೆದವರು. ಮದುವೆಯಾಗಲಿಲ್ಲ. ಜನರನ್ನು ಕಂಡರೆ ಸರಿದು ಹೋಗುವ ಸ್ವಭಾವ. ‘ಕಾಜಳಮಾಯಾ’ಕ್ಕೆ 1973ರಲ್ಲಿ ಬಂದ ಅಕಾಡೆಮಿ ಪ್ರಶಸ್ತಿಯನ್ನು, ಪುಸ್ತಕ ಪ್ರಕಟವಾದ ತಾರೀಖಿನ ಬಗ್ಗೆ ತಕರಾರು ಎದ್ದಾಗ, ವಾಪಸು ಕೊಟ್ಟರು. ದಾಂಪತ್ಯದ ಓದಿನ ಬಗ್ಗೆ ಬರೆಯುವ ಈ ಲೇಖನದಲ್ಲಿ ಒಂಟಿ ಮನುಷ್ಯನಿಗೇನು ಕೆಲಸ ಎಂದು ಕೇಳಬಹುದು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಹುಟ್ಟಿದವರಲ್ಲಿ ‘ಇದನ್ನು ಓದಿ’ ಎಂದು ಹೇಳುವುದನ್ನೇ ಒಂದು ಸಂಬಂಧವಾಗಿ ಬದುಕಿದವರು ಅವರೊಬ್ಬರೇ. ಅವರ ಆಯ್ದ ಪತ್ರಗಳು ಅವರು ತೀರಿಕೊಂಡ ಮೇಲೆ ನಾಲ್ಕು ಸಂಪುಟಗಳಾಗಿ ಬಂದವು. ಮೊದಲ ಸಂಪುಟ ಪೂರ್ತಿ ಸುನೀತಾ ದೇಶಪಾಂಡೆಯವರಿಗೆ ಬರೆದದ್ದು. ಪು. ಲ. ದೇಶಪಾಂಡೆಯವರ ಹೆಂಡತಿ ಸುನೀತಾಬಾಯಿ ಆ ಕಡೆಯಿಂದ ಬರೆದ ಪತ್ರಗಳು ‘ಪ್ರಿಯ ಜಿ. ಎ.’ ಎಂಬ ಹೆಸರಿನಿಂದ ಬಂದಿವೆ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ಓದಿದರೆ, ಅಪರೂಪಕ್ಕೆ ಭೇಟಿಯಾಗುವ ಇಬ್ಬರು ಪುಸ್ತಕಗಳ ಮೂಲಕ ಒಬ್ಬರನ್ನೊಬ್ಬರು ಅಳೆಯುತ್ತ, ಒಪ್ಪದೆ, ಮತ್ತೆ ಬರೆಯುತ್ತ ಹೋಗುವುದು ಕಾಣುತ್ತದೆ. ಇಬ್ಬರಿಗೂ ತಮ್ಮ ರುಚಿಯ ಬಗ್ಗೆ ನಾಚಿಕೆ ಇರಲಿಲ್ಲ, ಇನ್ನೊಬ್ಬರ ರುಚಿಯನ್ನು ತಿದ್ದುವ ಆತುರವೂ ಇರಲಿಲ್ಲ.

ಅಮೆರಿಕದ ಕಾನ್ರಾಡ್ ರಿಕ್ಟರ್‌ನ ಕಾದಂಬರಿಗಳನ್ನು ಜಿ. ಎ. ‘ರಾನ’, ‘ಶಿವಾರ’, ‘ಗಾವ’ ಎಂದು ಮರಾಠಿಗೆ ತಂದರು. ಓಹಿಯೋದ ಕಾಡು ಕಡಿದು ಹೊಲ ಮಾಡಿದ ಬಿಳಿಯರ ಕತೆಗೆ ‘ಶಿವಾರ’ ಎಂಬ ಹೆಸರು. ಈ ಶಬ್ದ ನಮ್ಮ ಚಿಕ್ಕೋಡಿ, ಅಥಣಿಯ ಕನ್ನಡದಲ್ಲೂ ಇದೆ. ‘ಶಿವಾರದಾಗ ಕಬ್ಬು ಬಂದೈತಿ’ ಎನ್ನುತ್ತೇವೆ. ಅನುವಾದವೂ ಒಂದು ಶಿಫಾರಸೇ. ನನಗೆ ಸೇರಿದ್ದು ನಿಮಗೂ ಸೇರೀತು ಎಂದು ನೂರಾರು ಪುಟ ಕೈಯಿಂದ ಬರೆದು ಹೇಳುವ ಶಿಫಾರಸು. ನಮ್ಮ ಕಡೆಯ ಕನ್ನಡ ಕಾದಂಬರಿಯ ಹುಟ್ಟಿನಲ್ಲೇ ಇಂಥ ಶಿಫಾರಸು ಇದೆ. ಗಳಗನಾಥರು ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ವನ್ನು ‘ಕನ್ನಡಿಗರ ಕರ್ಮಕಥೆ’ಯಾಗಿಸಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಖಾಂಡೇಕರರ ‘ಯಯಾತಿ’ಯನ್ನು ವಿ. ಎಂ. ಇನಾಂದಾರರು ಕನ್ನಡಕ್ಕೆ ಕೊಟ್ಟರು. ನಾನು ನೋಡಿದ ಟ್ರಂಕುಗಳಲ್ಲಿ ‘ಯಯಾತಿ’ ಎರಡೂ ಭಾಷೆಗಳಲ್ಲಿ ಇರುವ ಮನೆಗಳು ಸಿಕ್ಕಿವೆ. ಗಂಡನದೊಂದು ಪ್ರತಿ, ಹೆಂಡತಿಯದೊಂದು. ಒಂದೇ ಕತೆಯನ್ನು ಒಂದೇ ಸೂರಿನಡಿ ಎರಡು ಲಿಪಿಗಳಲ್ಲಿ ಓದಿದ ಆ ಗಂಡ ಹೆಂಡಿರು ಶರ್ಮಿಷ್ಠೆಯ ಬಗ್ಗೆ ಯಾವ ಭಾಷೆಯಲ್ಲಿ ಜಗಳವಾಡಿದರೋ.

ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಹತ್ತಿರದ ಮನೆ ಮಾತ್ರ ಉಮಾ ಮತ್ತು ವಿರೂಪಾಕ್ಷ ಕುಲಕರ್ಣಿಯವರದು. ಉಮಾ ಬೆಳಗಾವಿಯವರು, ಮರಾಠಿಯವರು. ವಿರೂಪಾಕ್ಷ ಕನ್ನಡದವರು. ಸಂಸಾರ ಪುಣೆಯಲ್ಲಿ. ಬೆಳಗಾವಿಯ ಗಾಳಿಯಿಂದ ಉಮಾ ಅವರಿಗೆ ಕನ್ನಡ ಕಿವಿಗೆ ತಿಳಿಯುತ್ತಿತ್ತು, ಕಣ್ಣಿಗೆ ತಿಳಿಯುತ್ತಿರಲಿಲ್ಲ. ಲಿಪಿ ಬಾರದು. ಗಂಡ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ಮುದ್ರಿಸಿ ಕೊಡುತ್ತಿದ್ದರು, ಹೆಂಡತಿ ಅದನ್ನು ಕೇಳುತ್ತ ಮರಾಠಿಗೆ ಇಳಿಸುತ್ತಿದ್ದರು. ಕಾರಂತರು ಹೀಗೆ ಮರಾಠಿಗೆ ಹೋದರು. ಭೈರಪ್ಪನವರ ‘ವಂಶವೃಕ್ಷ’, ‘ಪರ್ವ’ ಹೀಗೆ ಹೋದವು. ‘ವಂಶವೃಕ್ಷ’ದ ಮರಾಠಿ ಅನುವಾದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂತು. ಇಂದು ಮಹಾರಾಷ್ಟ್ರದಲ್ಲಿ ಭೈರಪ್ಪನವರಿಗಿರುವ ಓದುಗರ ಸಂಖ್ಯೆಯ ಹಿಂದೆ ಒಂದು ಮನೆಯ ಟೇಪ್ ರೆಕಾರ್ಡರ್ ಇದೆ. ವಿರೂಪಾಕ್ಷ ಅವರೂ ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡಿದ್ದಾರೆ. ಉಮಾ ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಸಂವಾದು ಅನುವಾದು’. ಎರಡೂ ಶಬ್ದ ಬೇಕೇಬೇಕಾಗಿತ್ತು ಎನಿಸುತ್ತದೆ.

ಮೇಲುನೋಟಕ್ಕೆ ಇದು ರಾನಡೆ ಮಾದರಿಯ ಹಾಗೆಯೇ ಇದೆ. ಗಂಡನಿಗೆ ಲಿಪಿ ಬರುತ್ತದೆ, ಹೆಂಡತಿಗೆ ಬಾರದು. ಆದರೆ ಟೇಪು ನಿಲ್ಲಿಸುವ ಗುಂಡಿ ಕೇಳುವವರ ಕೈಯಲ್ಲಿದೆ, ಯಾವ ಪುಸ್ತಕ ಮರಾಠಿಯಲ್ಲಿ ಹೇಗೆ ನಿಲ್ಲಬೇಕು ಎಂಬ ಅಂತಿಮ ಮಾತೂ ಅವರದೇ. ಓದಿಕೊಟ್ಟವನು ಇಲ್ಲಿ ಯಜಮಾನನಾಗದೆ ದನಿಯಾದ. ಇದನ್ನು ನಾನು ಬರೀ ಮೆಚ್ಚಿಕೆಯಿಂದ ಹೇಳುತ್ತಿಲ್ಲ. ನನ್ನ ಮನೆಯಲ್ಲಿ ಆ ದನಿಯ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಅದು ಎಷ್ಟು ಕಷ್ಟದ್ದೆಂದು ಗೊತ್ತಾಗಿದೆ.

ಗಂಡನಿಗೆ ಯಾವ ಕನ್ನಡ ಪುಸ್ತಕ ಕೊಡಬೇಕು ಎಂದು ಯೋಚಿಸಲು ನಾನು ಮೊದಲು ಮಾಡಿದ್ದು ಅವನ ಮರಾಠಿ ಕಪಾಟನ್ನು ಓದುವುದು. ಪೇಶ್ವೆಗಳ, ರಾಜರ ದಪ್ಪ ಐತಿಹಾಸಿಕ ಕಾದಂಬರಿಗಳು ಇದ್ದವು, ಆಯೇರಿಯಲ್ಲಿ ಬಂದವು. ಧೂಳು ಹಿಡಿದಿದ್ದವು. ಮೈ ಸವೆದದ್ದು ಮಹಾದೇವ ಮೋರೆಯವರ ಪುಸ್ತಕಗಳು. ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ, ತಂಬಾಕಿನ ವಖಾರಿಗಳ, ದುಡಿಯುವ ಹೆಂಗಸರ ಕತೆಗಳನ್ನು ಗಡಿಯ ಮಾತಿನಲ್ಲೇ ಬರೆದವರು ಮೋರೆ. ಅದರ ಪಕ್ಕ ಪ್ರಕಾಶ ನಾರಾಯಣ ಸಂತರ ‘ವನವಾಸ’, ‘ಶಾರದಾ ಸಂಗೀತ’, ‘ಪಂಖಾ’, ‘ಝುಂಬರ’. ಇಂದಿರಾ ಸಂತರ ಮಗ ಬರೆದ, ಲಂಪನ ಎಂಬ ಹುಡುಗನ ಆ ಕತೆಗಳಲ್ಲಿ ಬೆಳಗಾವಿ ಸೀಮೆಯ ಕನ್ನಡ ಮಾತುಗಳು ದೇವನಾಗರಿ ತೊಟ್ಟು ಓಡಾಡುತ್ತವೆ. ಲೇಖಕನ ಹೆಸರಿಗಿಂತ ಮಾತಿನ ಧಾಟಿಗೆ ಒಲಿಯುವ ಓದುಗ ಇವನು ಎಂದುಕೊಂಡೆ. ಹಾಗಾದರೆ ಬೆಂಗಳೂರಿನ, ಮೈಸೂರಿನ ನಯವಾದ ಕನ್ನಡದಿಂದ ಶುರುಮಾಡಬಾರದು. ಶೇಡಬಾಳದಿಂದ ಶುರುಮಾಡಬೇಕು.

ಮಿರ್ಜಿ ಅಣ್ಣಾರಾಯರು ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದವರು, ಶಾಲಾ ಮಾಸ್ತರರು. 1945ರ ‘ನಿಸರ್ಗ’ದಿಂದ ಹಿಡಿದು ‘ರಾಮಣ್ಣ ಮಾಸ್ತರ’, ‘ಹದಗೆಟ್ಟ ಹಳ್ಳಿ’, ‘ಪ್ರತಿಸರ್ಕಾರ’ದವರೆಗೆ ಕೃಷ್ಣೆಯ ಈ ದಂಡೆಯ ಒಕ್ಕಲು ಮನೆಗಳನ್ನು, ಜೈನ ಕುಟುಂಬಗಳನ್ನು ಕನ್ನಡ ಕಾದಂಬರಿಗೆ ತಂದವರು. ನಮ್ಮ ಸೀಮೆಯ ಮಾತು ಇಷ್ಟು ಸಲೀಸಾಗಿ ಅಚ್ಚಾದದ್ದು ಕಡಿಮೆ. 1975ರಲ್ಲಿ ಅವರು ತೀರಿಕೊಂಡ ಮೇಲೆ ದಕ್ಷಿಣದ ವಿಮರ್ಶೆ ಅವರನ್ನು ಬೇಗ ಮರೆಯಿತು. ಕಾಗವಾಡದ ಕಾಲೇಜು ಹುಡುಗರನ್ನು ಕೇಳಿದರೆ ಪಠ್ಯದಲ್ಲಿಲ್ಲ ಎನ್ನುತ್ತಾರೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಅವನಿಗೆ ರಾತ್ರಿ ಪಾಳಿ ಬರುತ್ತದೆ. ಗಂಟೆಗೊಮ್ಮೆ ರಸದ ಬ್ರಿಕ್ಸ್ ನೋಡಿ ಬರೆದಿಟ್ಟರೆ ನಡುವೆ ಪುರಸೊತ್ತು. ನಾನು ‘ನಿಸರ್ಗ’ವನ್ನು ಒಂದೊಂದು ಪ್ರಕರಣ ಓದಿ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಿದ್ದೆ, ಅವನು ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದ. ಮೂರನೆಯ ದಿನ ಬಂದು ಹೇಳಿದ: ‘ಮಾತುಕತಿ ಬಂದಲ್ಲಿ ಭಾಳ ಚಲೋ ಐತಿ. ಆದ್ರ ನಡುನಡುಕ ಮಾಸ್ತರಿಕಿ ಹೆಚ್ಚಾತು. ಅದನ್ನ ಬಿಟ್ಟು ಓದು.’ ಮಾತು ಸುಳ್ಳಲ್ಲ. ಅಣ್ಣಾರಾಯರಲ್ಲಿ ಉಪದೇಶ ಉಂಟು, ವಿಮರ್ಶಕರೂ ಹೇಳಿದ್ದಾರೆ. ನಾನಂದೆ: ‘ಯಾವುದು ಬಿಡಬೇಕಂತ ನಾ ಹೆಂಗ ಹೇಳ್ಲಿ? ಅದು ನೀ ಮಾಡೂ ಕೆಲಸ.’ (ಅತ್ತೆಯವರ ಎದುರಿಗೆ ‘ನೀವು’, ‘ರಿ’ ಎಲ್ಲ ಹಚ್ಚುತ್ತೇನೆ. ಪುಸ್ತಕದ ವಿಷಯ ಬಂದರೆ ‘ನೀ’ ಎಂದೇ ಬರುತ್ತದೆ.) ಗಟ್ಟಿಯಾಗಿ ಓದುವವಳು ಒಂದು ಪ್ಯಾರಾ ನುಂಗಿದರೆ ಕೇಳುವವನಿಗೆ ಗೊತ್ತೇ ಆಗುವುದಿಲ್ಲ. ಲಿಪಿ ಬಲ್ಲವರ ಕೈಯಲ್ಲಿ ಈ ಅಧಿಕಾರ ಎಂಥದ್ದೆಂದು ರಾನಡೆಯವರ ಬಗ್ಗೆ ನಾಲ್ಕು ಪುಟ ಟಿಪ್ಪಣಿ ಬರೆದವಳಿಗೆ ಆ ಸಂಜೆ ಅಡುಗೆಮನೆಯಲ್ಲಿ ತಿಳಿಯಿತು. ಮರುದಿನ ಅವನು ಪುಸ್ತಕವನ್ನೇ ಬ್ಯಾಗಿಗೆ ಹಾಕಿಕೊಂಡು ಹೋದ. ನನ್ನ ದನಿ ಕಿವಿಯಲ್ಲಿ, ಬೆರಳು ಸಾಲಿನ ಮೇಲೆ. ಪಾಳಿಗೆ ನಾಲ್ಕು ಪುಟದಂತೆ ಸಾಗಿದ. ಬೇಸರವಾದ ಉಪದೇಶವನ್ನು ತಾನೇ ನೋಡಿ ತಾನೇ ದಾಟಿದ. ಎರಡು ಕಡೆ ದಾಟದೆ ಓದಿದನಂತೆ, ಯಾವುವೆಂದು ಇನ್ನೂ ಹೇಳಿಲ್ಲ.

ಅವನು ನನಗೆ ಕೊಟ್ಟದ್ದು ಜಿ. ಎ. ಕುಲಕರ್ಣಿಯವರ ಕತೆಗಳನ್ನು. ಕೊಡುವಾಗ ಹೇಳಿದ ಮಾತು: ‘ನಿನಗ ಸೇರೂದಿಲ್ಲ. ಆದ್ರೂ ಓದು.’ ನನಗೆ ಕತೆಯಲ್ಲಿ ಒಂದಿಷ್ಟಾದರೂ ಬೆಳಕು ಬೇಕು, ಜಿ. ಎ. ಲೋಕದಲ್ಲಿ ವಿಧಿ ಮನುಷ್ಯನ ಹೆಗಲ ಮೇಲಿಂದ ಇಳಿಯುವುದೇ ಇಲ್ಲ. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ. ನಮ್ಮಿಬ್ಬರದೂ ಒಂದೇ ಖಾತೆಯಿರುವ ಆನ್‌ಲೈನ್ ಪುಸ್ತಕದಂಗಡಿ ನಮ್ಮನ್ನು ಒಬ್ಬನೇ ಮನುಷ್ಯ ಎಂದು ತಿಳಿದು, ಅಣ್ಣಾರಾಯರನ್ನೂ ಲಂಪನನನ್ನೂ ಮೆಚ್ಚುವ ಯಾರೋ ವಿಚಿತ್ರ ಓದುಗನಿಗೆ ದಿನಾ ಏನೇನೋ ತೋರಿಸುತ್ತದೆ. ಕೊಂಡದ್ದರಂಥದ್ದೇ ಇನ್ನೊಂದನ್ನು ತೋರಿಸುವುದು ಅದಕ್ಕೆ ಬರುತ್ತದೆ. ಸೇರುವುದಿಲ್ಲವೆಂದು ಬಲ್ಲೆ, ಆದರೂ ಓದು ಎನ್ನಲು ಅದಕ್ಕೆ ಬಾರದು. ಆ ಮಾತು ರಾನಡೆಯವರ ‘ಓದಿಸು’ವಿನಿಂದಲೂ ಬೇರೆ. ನಾನು ಅರ್ಧಕ್ಕೆ ಮುಚ್ಚಿಟ್ಟರೆ ಅವನು ಏನೂ ಅನ್ನುತ್ತಿರಲಿಲ್ಲ. ಮುಚ್ಚಿಡಲಿಲ್ಲ. ಕತೆಗಳು ಈಗಲೂ ನನಗೆ ಸೇರುವುದಿಲ್ಲ, ಆದರೆ ಯಕ್ಸಂಬಾದ ಮೇಲೆ ಬಸ್ಸು ಹೋದಾಗ ಕಿಟಕಿಯ ಹೊರಗೆ ನೋಡುತ್ತೇನೆ.

ಈ ಹಂಗಾಮಿಗೆ ಎರಡು ಪುಸ್ತಕ ಜೋಡಿಸಿಟ್ಟಿದ್ದೇನೆ. ಒಂದು, ಇಂದಿರಾ ಸಂತರು ಹೆಂಗಸರ ಓವಿಗಳನ್ನು ಕಲೆಹಾಕಿ ಬರೆದ ‘ಮಾಲನಗಾಥಾ’. ಇನ್ನೊಂದು, ಹಲಸಂಗಿ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’. ಹಲಸಂಗಿ ಇರುವುದು ಇಂದಿರಾಬಾಯಿ ಹುಟ್ಟಿದ ಇಂಡಿಯ ಸೀಮೆಯಲ್ಲೇ. ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ತವರನ್ನು, ಅಣ್ಣನನ್ನು ಎರಡು ಭಾಷೆಗಳಲ್ಲಿ ಹೇಗೆ ನೆನೆದರೆಂದು ಇಬ್ಬರೂ ಕೂಡಿ ನೋಡುವ ಆಸೆ. ಹೋದ ರವಿವಾರ ಅವನು ‘ಮಾಲನಗಾಥಾ’ದಿಂದ ಒಂದು ಓವಿ ಗಟ್ಟಿಯಾಗಿ ಓದಿದ. ಒಳಗೆ ಶೇಂಗಾ ಒಡೆಯುತ್ತಿದ್ದ ಅತ್ತೆ ಅಲ್ಲಿಂದಲೇ ‘ತಸಂ ನಾಯ್ ತೆ’, ಹಾಗಲ್ಲ ಅದು, ಎಂದು ಕೂಗಿದರು. ಬಂದು ಕೂತು ತಮಗೆ ಗೊತ್ತಿದ್ದ ಹಾಗೆ ಹಾಡಿದರು. ಎರಡನೆಯ ಸಾಲು ಬೇರೆ ಇತ್ತು. ಆಮೇಲೆ ನನ್ನ ಕೈಯಲ್ಲಿದ್ದ ‘ಗರತಿಯ ಹಾಡು’ ತೋರಿಸಿ ಕೇಳಿದರು, ‘ಅದರಾಗೇನೈತಿ? ಅದನ್ನೂ ಓದು ನೋಡೂಣು.’